ಬಾಳೆಗೆಂದು ತೋಡಿದ ಗುಂಡಿ

ನಮ್ಮ ಹಿತ್ತಿಲಿನ ಮೂಲೆಯಲ್ಲಿ, ಹಲಸಿನ ಮರದ ಆಚೆ ಬೇಲಿಯ ಪಕ್ಕ, ಒಂದು ಗುಂಡಿ ಇದೆ. ಮೊಣಕಾಲುದ್ದ ಆಳ. ಕಳೆದ ಬೇಸಿಗೆಯಿಂದ ಹಾಗೇ ಬಾಯಿ ತೆರೆದುಕೊಂಡಿದೆ. ಮಳೆಗಾಲದಲ್ಲಿ ನೀರು ತುಂಬಿ ಕಪ್ಪೆಗಳು ಕೂಗಿದವು. ಈಗ ಒಣಗಿ ತಳ ಬಿರುಕು ಬಿಟ್ಟಿದೆ. ಮುಚ್ಚಲು ನನಗೆ ಅರ್ಧ ಗಂಟೆ ಸಾಕು. ಮುಚ್ಚಬೇಡಿ ಎಂದು ಸೊಸೆ ಹೇಳಿದ್ದಾಳೆ, ಅದಕ್ಕೇ ಮುಚ್ಚಿಲ್ಲ.

ನಮ್ಮದು ಹೊಸನಗರ ತಾಲ್ಲೂಕು, ನಿಟ್ಟೂರಿನಿಂದ ಒಳಗೆ. ಮನೆಯ ಹಿಂದೆ ಹಿತ್ತಿಲು, ಹಿತ್ತಿಲಿನ ಹಿಂದೆ ಬೇಲಿ, ಬೇಲಿಯ ಆಚೆ ಕಾಡು. ಶಿವರಾತ್ರಿ ಕಳೆಯಿತು ಅಂದರೆ ಹಿತ್ತಿಲಿನ ಕೆಲಸ ಶುರು. ಗದ್ದೆ ಕೊಯ್ಲು ಮುಗಿದಿರುತ್ತದೆ, ಮಳೆ ಹಿಡಿಯಲು ಮೂರು ತಿಂಗಳು ಇರುತ್ತದೆ. ಆ ನಡುವಿನಲ್ಲಿ ಮನೆಗೆ ಬೇಕಾದ ತರಕಾರಿ ಹೆಂಗಸರೇ ಎಬ್ಬಿಸಿಕೊಳ್ಳಬೇಕು. ನೆಲ ಅಗೆದು ಹೆಂಟೆ ಒಡೆದು ಏರಿ ಮಾಡಬೇಕು. ಒಣ ಕಡ್ಡಿ ಕಸದ ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು, ಸುಡುಮಣ್ಣು ಮಾಡಿಕೊಳ್ಳಬೇಕು. ಹರಿವೆ, ಬೆಂಡೆ, ಮಗೆಕಾಯಿ ಬೀಜ ಹಾಕಬೇಕು. ಬಸಳೆ ಚಪ್ಪರದಲ್ಲಿ ಕೊಳೆತು ಲಡ್ಡಾದ ಅಡಿಕೆ ಮರದ ದಬ್ಬೆ ತೆಗೆದು ಹೊಸದು ಕಟ್ಟಬೇಕು. ಬಚ್ಚಲ ನೀರು ಗಿಡದ ಬುಡಕ್ಕೆ ಹೋಗುವ ಹಾಗೆ ಕಣಿ ಬಿಡಿಸಬೇಕು.

ಇಷ್ಟೆಲ್ಲ ಮಾಡಿಯೂ ದರಗು ಹಾಕದಿದ್ದರೆ ಎಲ್ಲ ದಂಡ. ದರಗು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ. ಅದನ್ನು ಗುಡಿಸಿ, ಬುಟ್ಟಿ ತುಂಬಿ ಹೊತ್ತು ತಂದು, ಗಿಡದ ಬುಡಕ್ಕೆ ಒಂದು ಗೇಣು ಎತ್ತರ ಹರಡಬೇಕು. ಆಗ ಬೇರಿಗೆ ಬಿಸಿಲು ತಾಗುವುದಿಲ್ಲ, ಬೆಳಿಗ್ಗೆ ಹಾಕಿದ ನೀರು ಸಂಜೆಯವರೆಗೆ ಇರುತ್ತದೆ. ಫೋನಿನಲ್ಲಿ ಯಾರೋ ಕೂತು, ಅದರ ಬದಲು ಪ್ಲಾಸ್ಟಿಕ್ ಹಾಸಿ ಅನ್ನುತ್ತಾರೆ. ಅವರು ಹಾಸಿಕೊಳ್ಳಲಿ.

ದರಗಿನ ಜೊತೆ ಉಣುಗು ಬರುತ್ತದೆ. ಎಳ್ಳಿಗಿಂತ ಸಣ್ಣ ಹುಳ. ದನದ ಮೈ, ಮಂಗನ ಮೈ, ನಮ್ಮ ಮೈ ಎಂಬ ಭೇದ ಅದಕ್ಕಿಲ್ಲ. ರಕ್ತ ಸಿಕ್ಕಿದರಾಯಿತು. ಮಂಗನ ಕಾಯಿಲೆ ಹತ್ತಿದ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗೆಲ್ಲ ಇಳಿದು ಸುತ್ತಲಿನ ದರಗಿನಲ್ಲಿ ಕೂರುತ್ತದೆ. ಆಮೇಲೆ ಅಲ್ಲಿ ಯಾರು ಕಾಲಿಟ್ಟರೆ ಅವರಿಗೆ ಜ್ವರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇದು ಅಂಗನವಾಡಿ ಮಕ್ಕಳಿಗೂ ಗೊತ್ತು. ಚಳಿ ಮುಗಿಯುವುದರೊಳಗೆ ನಮ್ಮೂರ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು ಎಣ್ಣೆ ಬಾಟಲಿ ಕೊಡುತ್ತಾಳೆ. "ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಹಚ್ಕಳಿ. ಸತ್ತ ಮಂಗ ಕಂಡ್ರೆ ಮುಟ್ಬೇಡಿ, ನಂಗೊಂದು ಫೋನ್ ಮಾಡಿ" ಎಂದು ಹೇಳಿ ಹೋಗುತ್ತಾಳೆ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೇ ಇಲ್ಲ.

ನನಗೆ ಆ ಜ್ವರ ಒಮ್ಮೆ ಬಂದು ಹೋಗಿದೆ. ಮದುವೆಯಾಗಿ ಬಂದ ಎರಡನೇ ಬೇಸಿಗೆಯಲ್ಲಿ. ನಾನೂ ನನ್ನ ಓರಗಿತ್ತಿಯೂ ಒಂದೇ ಕಡೆ ದರಗು ಗುಡಿಸಿದವರು, ಒಂದೇ ದಿನ ಮಲಗಿದೆವು. ನಾನು ಎದ್ದೆ. ಅವಳು ಏಳಲಿಲ್ಲ. ಕೊನೆಗೆ ಅವಳ ವಸಡಿನಿಂದ ರಕ್ತ ಬರುತ್ತಿತ್ತು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನಿಜವಿರಬೇಕು, ಆಮೇಲೆ ನಾನು ಬರಿಗಾಲಿನಲ್ಲಿ ಕಾಡು ತಿರುಗಿದ್ದೇನೆ, ಏನೂ ಆಗಲಿಲ್ಲ. ಆ ಧೈರ್ಯವೇ ಕೆಟ್ಟದ್ದು. ನನಗೆ ಬರುವುದಿಲ್ಲ ಅನ್ನುವುದು ನಿಧಾನಕ್ಕೆ, ನಮ್ಮ ಮನೆಗೇ ಬರುವುದಿಲ್ಲ ಅಂತ ಆಗಿಬಿಟ್ಟಿತ್ತು.

ಸೊಸೆ ಮಂಡಗದ್ದೆ ಕಡೆಯವಳು. ನಮ್ಮ ಮನೆಗೆ ಬಂದು ಆರು ವರ್ಷ. ಒಂದು ಹೆಣ್ಣು ಮಗು, ಅಂಗನವಾಡಿಗೆ ಹೋಗುತ್ತದೆ. ಮಗ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಬೇಸಿಗೆಯಲ್ಲಿ ಎಲ್ಲರ ಪಂಪೂ ಒಟ್ಟಿಗೇ ಕೆಡುವುದರಿಂದ ಅವನು ಹಗಲು ಮನೆಯಲ್ಲಿ ಇರುವುದಿಲ್ಲ. ಹಿತ್ತಿಲಿನಲ್ಲಿ ನಾವಿಬ್ಬರೇ. ಅವಳು ಬಾಯಿಬಡುಕಿ. ಕೈ ಕೆಲಸ ಮಾಡುವಷ್ಟು ಹೊತ್ತೂ ಬಾಯಿ ನಡೆಯುತ್ತಲೇ ಇರುತ್ತದೆ. ಮೊದಮೊದಲು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಕಳೆದ ವರ್ಷ ಶಿವರಾತ್ರಿಯಾಗಿ ಎರಡು ವಾರವಾಗಿತ್ತು. ಬಚ್ಚಲ ನೀರಿನ ಕಣಿ ಕೊನೆಯಾಗುವ ಜಾಗದಲ್ಲಿ, ಬೇಲಿಯ ಪಕ್ಕ, ಬಾಳೆ ಕಂದು ನೆಡೋಣ ಎಂದು ಸೊಸೆ ಗುಂಡಿ ತೋಡುತ್ತಿದ್ದಳು.

"ಸಾಕನೇ, ಬಾಳೆ ನೆಡ್ತೀಯೋ ಬಾವಿ ತೆಗಿತೀಯೋ?" ಅಂದೆ.

"ನಿಮ್ ಮಗಂಗೆ ಹೇಳಿದ್ರೆ ಬರೋ ವರ್ಷ ತೋಡಿ ಕೊಡ್ತಾರೆ ಅತ್ತೆ. ಅಷ್ಟೊತ್ತಿಗೆ ಬಾಳೆಹಣ್ಣು ತಿನ್ನಕ್ಕೆ ನಿಮ್ಗೆ ಹಲ್ಲಿರಲ್ಲ."

"ಹಲ್ಲು ಈಗ್ಲೂ ಇಲ್ಲ. ತೋಡು."

ಆ ವಾರವೆಲ್ಲ ಹಲಸಿನ ಮರದಲ್ಲಿ ಮಂಗಗಳು ಎಳೆ ಗುಜ್ಜೆ ಕಿತ್ತು ಕಚ್ಚಿ ಬಿಸಾಡುತ್ತಿದ್ದವು. ಆದರೆ ಎರಡು ದಿನದಿಂದ ಸದ್ದು ನಿಂತಿತ್ತು. ಕೊಂಬೆ ಅಲ್ಲಾಡಲಿಲ್ಲ, ಒಂದು ಕೂಗು ಇಲ್ಲ. ನಾಯಿ ಮಾತ್ರ ಬೇಲಿಯ ಕಡೆ ಮುಖ ಮಾಡಿ ಸಣ್ಣಗೆ ಗುರುಗುಟ್ಟುತ್ತಿತ್ತು, ಅತ್ತ ಹೋಗುತ್ತಿರಲಿಲ್ಲ. ಮಂಗ ಬರದಿದ್ದರೆ ಪೀಡೆ ಹೋಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿ ಹಿತ್ತಿಲಿಗೆ ಹೋದೆ. ಸೊಸೆ ಇನ್ನೂ ಎದ್ದಿರಲಿಲ್ಲ. ಅವಳು ತೋಡಿದ ಗುಂಡಿಯ ಅಂಚಿನಲ್ಲಿ ಮಂಗ ಬಿದ್ದಿತ್ತು. ಮುಖ ಅಡಿಯಾಗಿ, ಒಂದು ಕೈ ದರಗಿನೊಳಗೆ ತೂರಿಕೊಂಡು. ಗುದ್ದಲಿಯಲ್ಲಿ ಮಗುಚಿದೆ. ಮೂಗಿನ ಹತ್ತಿರ ರಕ್ತ ಒಣಗಿತ್ತು. ಕಿವಿಯ ಅಂಚಿಗೆ ಉಣುಗು ಸಾಲಾಗಿ ಕಚ್ಚಿಕೊಂಡಿತ್ತು. ಕೆಲವು ಆಗಲೇ ಬಿಟ್ಟು ಇಳಿಯುತ್ತಿದ್ದವು.

ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ಅದರ ಹಿಂದಿನ ವರ್ಷ ಕೆಳಗಿನ ಮನೆಯವರ ಹಿತ್ತಿಲಿನಲ್ಲಿ ಹೀಗೇ ಆಗಿತ್ತು. ಜೀಪು ಬಂತು. ಮೈತುಂಬ ಬಿಳಿ ಅಂಗಿ ತೊಟ್ಟವರು ಮಂಗನನ್ನು ಸುಟ್ಟು, ಸುತ್ತ ಬಿಳಿ ಪುಡಿ ಎರಚಿ ಹೋದರು. ಆ ಹಿತ್ತಿಲಿನ ಒಂದು ಎಲೆ ಸೊಪ್ಪನ್ನೂ ಆ ಬೇಸಿಗೆ ಯಾರೂ ತಿನ್ನಲಿಲ್ಲ. ಕಾಡಿಗೆ ಕಾಲಿಡಬೇಡಿ ಎಂದು ಹೇಳಿದ್ದರಿಂದ ದರಗು ತರುವುದೂ ನಿಂತಿತು. ಆ ಮನೆಗೆ ಮಜ್ಜಿಗೆಗೆ ಹೋಗುತ್ತಿದ್ದವರು ಬೇರೆ ದಾರಿ ಹಿಡಿದರು. ನಮ್ಮ ಹರಿವೆ ಅವತ್ತು ಕೆಂಪಗೆ ಮೊಳೆತು ನಾಲ್ಕು ದಿನವಾಗಿತ್ತು. ಬೆಂಡೆ ಎರಡೆಲೆ ಬಿಟ್ಟಿತ್ತು. ಇನ್ನೂ ಅರ್ಧ ಹಿತ್ತಿಲಿಗೆ ದರಗು ಆಗಬೇಕಿತ್ತು.

ನಮ್ಮಲ್ಲಿ ಮಂಗ ಸತ್ತರೆ ಕುಂಕುಮ ಇಟ್ಟು, ಬಟ್ಟೆ ಹೊದಿಸಿ ಮಣ್ಣು ಮಾಡುವ ಪದ್ಧತಿ ಇದೆ. ಹನುಮಂತನ ಜೀವ, ಸುಡುವುದು ಬೇಡ ಅನ್ನಿಸಿತು ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ನನ್ನ ತಲೆಗೆ ಮೊದಲು ಬಂದದ್ದು ಹನುಮಂತನಲ್ಲ, ಹರಿವೆ.

ಒಳಗಿನಿಂದ ಒಂದು ಹೊಸ ಟವೆಲು ತಂದೆ. ಹಣೆಗೆ ಕುಂಕುಮ ಇಟ್ಟೆ, ಒಂದು ಚೊಂಬು ನೀರು ಬಿಟ್ಟೆ. ಟವೆಲು ಹೊದಿಸಿ ಗುದ್ದಲಿಯಲ್ಲಿ ಗುಂಡಿಗೆ ನೂಕಿದೆ. ಮಣ್ಣು ಎಳೆದು, ಮೇಲೆ ಬಾಳೆ ಕಂದು ನೆಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಸುಡುಸುಡು ನೀರು ಮಿಂದೆ, ಉಟ್ಟ ಸೀರೆಯನ್ನು ಕುದಿಯುವ ಹಂಡೆಗೆ ಅದ್ದಿದೆ. ಅಷ್ಟು ಎಚ್ಚರ ನನಗಿತ್ತು. ಅದನ್ನೂ ಹೇಳಬೇಕು.

ಸೊಸೆ ಹಲ್ಲುಜ್ಜುತ್ತಾ ಬಂದವಳು ನೋಡಿ ನಿಂತಳು.

"ಇದೆಂತ ಅತ್ತೆ, ಬಾಳೆ ನೆಟ್ಟೇ ಆಯ್ತಾ? ನಾನು ಗುಂಡಿಗೆ ಗೊಬ್ಬರಾನೇ ಹಾಕಿರ್ಲಿಲ್ಲ."

"ನಾನು ಹಾಕಿದೀನಿ."

"ಎಂತ ಗೊಬ್ಬರ?"

"ಇತ್ತು, ಅಲ್ಲೇ."

"ವಯಸ್ಸಾಗ್ತಾ ಆಗ್ತಾ ನಿಮಗೆ ಶಕ್ತಿ ಏರ್ತಾ ಇದೆ ಮಾರಾಯ್ರೆ. ನಾನೇ ಮುದುಕಿ ಆಗ್ತಾ ಇದೀನಿ" ಎಂದು ನಕ್ಕಳು. ಬಾಯಿ ತೊಳೆದು ಬಂದು ಕಂದಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಬರಿಗೈಯಲ್ಲಿ ಮಣ್ಣು ಒತ್ತಿದಳು. "ಮಣ್ಣು ಸಡಿಲ ಬಿಟ್ಟಿದೀರಿ, ಗಾಳಿ ಹೋಗಿ ಬೇರು ಒಣಗ್ತದೆ" ಅಂದಳು. ನಾನು ಅವಳಿಗೆ ಕಲಿಸಿದ ಮಾತೇ ಅದು. ಆಮೇಲೆ ಸುತ್ತ ಬಿದ್ದಿದ್ದ ದರಗನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಬುಡಕ್ಕೆ ಹಾಕತೊಡಗಿದಳು. ಮಂಗ ಬಿದ್ದಿದ್ದ ಜಾಗದ ದರಗು.

ಬೇಡ ಅನ್ನಲು ಬಾಯಿ ತೆರೆದೆ. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಬಾಯಿ ಮುಚ್ಚಿದೆ.

"ನೀರು ಕಾದಿದೆ, ಮಿಂದ್ಬಿಡು ಹೋಗು" ಅಂದೆ.

"ಈಗ ತಾನೆ ಕೆಲ್ಸ ಶುರು. ಸಂಜೆ ಮೀತೀನಿ."

ಅವಳು ಒಳಗೆ ಹೋದ ಮೇಲೆ ಆ ದರಗನ್ನೆಲ್ಲ ಗೋರಿ ಸುಡುಮಣ್ಣಿನ ಗುಡ್ಡೆಗೆ ಹಾಕಿ ಬೆಂಕಿ ಕೊಟ್ಟೆ. ಚಟಚಟ ಸಿಡಿಯಿತು. ಇನ್ನೇನೂ ಇಲ್ಲ, ಮುಗಿಯಿತು ಅಂದುಕೊಂಡೆ. ಆದರೆ ಅವತ್ತಿನಿಂದ ನನ್ನ ಕಣ್ಣು ಗಿಡದ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು.

ಎರಡನೇ ದಿನ ಅವಳು ಮೊಣಕಾಲಿನ ಹಿಂದೆ ಕೆರೆದುಕೊಂಡು, ಉಗುರಿನಲ್ಲಿ ಏನೋ ಹಿಡಿದು ತೋರಿಸಿದಳು. "ನೋಡಿ ಅತ್ತೆ, ನೆಂಟರು ಬಂದಿದಾರೆ." ಒಲೆಗೆ ಹಾಕಿದಳು. ಉಣುಗು ಹತ್ತುವುದು ನಮ್ಮಲ್ಲಿ ಹೊಸದಲ್ಲ, ಅವಳು ಮರೆತಳು. ನಾನು ಮರೆಯಲಿಲ್ಲ. ದಿನಕ್ಕೆ ಎರಡು ಸಲ ಕೇಳುತ್ತಿದ್ದೆ, ತಲೆ ನೋಯ್ತದಾ, ಸೊಂಟ ನೋಯ್ತದಾ ಅಂತ.

"ಎಂತ ಅತ್ತೆ, ಇಷ್ಟು ವರ್ಷ ಇಲ್ಲದ ಪ್ರೀತಿ! ಆಸ್ತಿ ಗೀಸ್ತಿ ಬರ್ಕೊಡ್ತೀರಾ ಎಂತ?" ಎಂದು ಗೇಲಿ ಮಾಡಿದಳು.

ಹಿತ್ತಿಲು ಮಾತ್ರ ಯಾವತ್ತೂ ಇಲ್ಲದಷ್ಟು ಚೆನ್ನಾಗಿ ಬಂತು. ಹರಿವೆ ಹಾಸಿಗೆಯ ಹಾಗೆ ಎದ್ದಿತು. ಬೇಸಿಗೆಯಲ್ಲಿ ನೆಟ್ಟ ಬಾಳೆ ಕಂದು ಸಾಮಾನ್ಯಕ್ಕೆ ತಿಂಗಳು ಸುಮ್ಮನೆ ನಿಲ್ಲುತ್ತದೆ. ಇದು ಐದನೇ ದಿನಕ್ಕೆ ಸುರುಳಿ ಎಲೆ ತೆಗೆಯಿತು. ನನಗೆ ಅದನ್ನು ನೋಡಲು ಆಗಲಿಲ್ಲ.

ಆರನೇ ದಿನ ಮಧ್ಯಾಹ್ನ ಸೊಸೆ ಬೆಂಡೆ ಸಾಲಿಗೆ ನೀರು ಹಾಕುತ್ತಿದ್ದಳು. ಮಾತು ನಿಂತಿತು. ತಿರುಗಿ ನೋಡಿದೆ. ಕೊಡ ಕೆಳಗಿಟ್ಟು ಏರಿಯ ಮೇಲೆ ಕೂತುಬಿಟ್ಟಿದ್ದಳು.

"ಬಿಸಿಲು ಹೊಡೀತೇನೋ" ಅಂದಳು. ಹಣೆ ಮುಟ್ಟಿದೆ. ಕಾದ ಕಾವಲಿ. ಕಣ್ಣು ಕೆಂಪು. ನನ್ನ ಓರಗಿತ್ತಿಯೂ ಬಿಸಿಲು ಹೊಡೆಯಿತು ಅಂತಲೇ ಅಂದಿದ್ದಳು.

ಸಂಜೆ ಮಗ ಅವಳನ್ನು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ನಾನು ಗಂಜಿ ಮಾಡುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ, "ಹತ್ತಿರದಲ್ಲಿ ಎಲ್ಲಾದ್ರೂ ಮಂಗ ಸತ್ತಿದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ಹಂಗಾದ್ರೆ ಮಾತ್ರೆ ತಗೊಳ್ಳಿ, ಎರಡು ದಿನದಲ್ಲಿ ಇಳೀದಿದ್ರೆ ರಕ್ತ ನೋಡಣ ಅಂದ್ರು. ನಮ್ ಕಡೆ ಯಾವುದೂ ಸತ್ತಿಲ್ಲ ಅಲ್ವಾ ಅಮ್ಮ?"

ನಾನು ಗಂಜಿ ತಿರುಗಿಸುತ್ತಿದ್ದೆ. "ಅವಳಿಗೆ ಕೊಡು, ಬಿಸಿ ಇದೆ" ಎಂದು ಬಟ್ಟಲು ಕೈಗೆ ಕೊಟ್ಟೆ. ಅವನು ಅದನ್ನೇ ಉತ್ತರ ಅಂದುಕೊಂಡು ಹೋದ.

ಯಾಕೆ ಹೇಳಲಿಲ್ಲ ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲ ದಿನ ಹರಿವೆಗಾಗಿ ಮುಚ್ಚಿಟ್ಟೆ. ಆಮೇಲೆ, ಮುಚ್ಚಿಟ್ಟೆನಲ್ಲ ಎನ್ನುವುದನ್ನೇ ಮುಚ್ಚಿಡುವುದಾಯಿತು. ಏಳನೇ ದಿನ ಪೂರ್ತಿ ಅವಳ ಹಾಸಿಗೆಯ ಹತ್ತಿರ ಕೂತು ಒದ್ದೆ ಬಟ್ಟೆ ಇಟ್ಟೆ. ಜ್ವರ ಇಳಿದುಬಿಟ್ಟರೆ ಹೇಳುವ ಗರಜೇ ಬೀಳುವುದಿಲ್ಲ ಅಂದುಕೊಳ್ಳುತ್ತಾ ಕೂತಿದ್ದೆ. ಅವಳು ಒಂದು ಮಾತೂ ಆಡಲಿಲ್ಲ.

ಎಂಟನೇ ದಿನ ಮಧ್ಯಾಹ್ನ ಅವಳು ವಾಂತಿ ಮಾಡಿದಳು. ಬಾಯಿ ಒರೆಸಿದ ಬಟ್ಟೆ ಒಗೆಯಲು ತೆಗೆದುಕೊಂಡೆ. ವಸಡು ತಾಗಿದ ಕಡೆ ಕೆಂಪು ಇತ್ತು.

ಮಗ ಊಟಕ್ಕೆ ಬಂದವನು ಜಗಲಿಯಲ್ಲಿ ಸ್ಪ್ಯಾನರ್‌ಗಳ ಗ್ರೀಸ್ ಒರೆಸುತ್ತಿದ್ದ. ಹೋಗಿ ಎದುರಿಗೆ ನಿಂತೆ.

"ಬಾಳೆ ಬುಡದಲ್ಲಿ ಮಂಗ ಇದೆ ಕಣ."

"ಎಂತ ಮಂಗ?"

"ಸತ್ತದ್ದು. ನಾನೇ ಹುಗಿದದ್ದು. ಎಂಟು ದಿನ ಆಯ್ತು."

ಅವನು ಕೈ ನಿಲ್ಲಿಸಿದ. ಕೂಗಾಡಲಿಲ್ಲ. ಕೂಗಾಡುತ್ತಾನೆ ಅಂತ ನಾನು ತಯಾರಾಗಿ ಹೋಗಿದ್ದೆ.

"ಅವಳಿಗೆ ಗೊತ್ತಾ?"

"ಇಲ್ಲ."

"ಮೊನ್ನೆ ನಾನು ಡಾಕ್ಟ್ರ ಮಾತು ಹೇಳ್ದಾಗ ನೀನು ಗಂಜಿ ತಿರುಗಿಸ್ತಾ ಇದ್ದೆ" ಅಂದ. ಅಷ್ಟೇ. ಎದ್ದು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದ, ಆಮೇಲೆ ಆಂಬುಲೆನ್ಸಿಗೆ. ಒಂದು ಗಂಟೆಯೊಳಗೆ ಸೊಸೆಯನ್ನು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು.

ಅದರ ಹಿಂದೆಯೇ ಜೀಪು ಬಂತು. ಬಿಳಿ ಅಂಗಿಯವರು ಬಾಳೆ ಕಂದು ಕಿತ್ತು ಬದಿಗೆ ಎಸೆದು ಗುಂಡಿ ಅಗೆದರು. ಕುಂಕುಮ ಹತ್ತಿದ ಟವೆಲಿನ ಸಮೇತ ಮೇಲೆತ್ತಿ, ಅಲ್ಲೇ ಸುಟ್ಟರು. ಗುಂಡಿಯಿಂದ ಬಸಳೆ ಚಪ್ಪರದವರೆಗೂ ಪುಡಿ ಎರಚಿದರು. ಕೆಂಪು ಹರಿವೆ ಬೆಳ್ಳಗಾಯಿತು. ಆಶಾ ಕಾರ್ಯಕರ್ತೆ ನನ್ನ ಪಕ್ಕ ಬಂದು ನಿಂತಳು.

"ದೊಡ್ಡಮ್ಮ, ನಿಮ್ಮ ಓರಗಿತ್ತಿ ಕಥೆ ನಂಗೆ ಹೇಳಿದ್ದೇ ನೀವು."

"ಬೈಯೋದಿದ್ರೆ ಬೈಯೇ."

"ಬೈದ್ರೆ ಜ್ವರ ಇಳೀತದಾ?" ಅಂದಳು. ನನ್ನ ಕೈಗೆ ಎರಡು ಬಾಟಲಿ ಎಣ್ಣೆ ಕೊಟ್ಟು ಹೋದಳು.

ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಸೊಸೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಬಸ್ಸು ಹತ್ತಿ ಎರಡು ಸಲ ಹೋದೆ. ಮೊದಲ ಸಲ ಅವಳ ಮೂಗಿಗೆ ಹತ್ತಿ ಇಟ್ಟಿದ್ದರು, ಕಣ್ಣು ತೆರೆದಿದ್ದರೂ ನನ್ನ ಗುರುತು ಹತ್ತಲಿಲ್ಲ. ಡಾಕ್ಟರಮ್ಮನನ್ನು ಕೇಳಿದೆ, ಉಳೀತಾಳಾ ಅಂತ. "ಈ ಜ್ವರಕ್ಕೇ ಅಂತ ಔಷಧ ಇಲ್ಲಮ್ಮ. ಮೈ ತಡ್ಕೊಳ್ಳೋ ಹಾಗೆ ನೋಡ್ಕೊಳ್ತೀವಿ. ಇಳಿದ ಮೇಲೂ ಒಂದೆರಡು ವಾರ ಬಿಟ್ಟು ಇನ್ನೊಂದು ಸಲ ಏರಬಹುದು" ಅಂದರು. ಎರಡನೇ ಸಲ ಹೋದಾಗ ಗುರುತು ಹಿಡಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಮಗ ಹೇಳಿದ್ದಾನೆ ಅಂತ ಗೊತ್ತಾಯಿತು.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಅವಳ ಹಣೆಗೆ ಕೈಹಿಂಭಾಗ ತಾಗಿಸಿ ನೋಡುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಹನ್ನೊಂದನೇ ಬೆಳಿಗ್ಗೆ ಹಣೆ ಮತ್ತೆ ಸುಡುತ್ತಿತ್ತು. ಮತ್ತೆ ಆಂಬುಲೆನ್ಸು, ಮತ್ತೆ ಸಾಗರ. ಆ ಸಲ ರಕ್ತ ಬರಲಿಲ್ಲ, ಜ್ವರ ತಲೆಗೆ ಏರಿತು. ಏನೇನೋ ಬಡಬಡಿಸಿದಳಂತೆ. ಮಣ್ಣು ಸಡಿಲ ಇದೆ, ಒತ್ತಿ, ಒತ್ತಿ ಅನ್ನುತ್ತಿದ್ದಳಂತೆ. ಮಗ ನನಗೆ ಹೇಳಿದ್ದು ಅದೊಂದನ್ನೇ.

ಉಳಿದಳು. ಜ್ವರದಿಂದ ಹತ್ತಿದ ಕೈ ನಡುಕ ಮಾತ್ರ ಹೋಗಲಿಲ್ಲ. ಕೂದಲು ಹಿಡಿ ಹಿಡಿ ಉದುರಿತು. ಮೊದಲ ಮಳೆ ಬಂದ ದಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಹಿತ್ತಿಲು ನೋಡುತ್ತಿದ್ದಳು. ಗಿಡ ಯಾವುದೂ ಇರಲಿಲ್ಲ, ನಾನೇ ಕಿತ್ತು ಸುಟ್ಟಿದ್ದೆ.

"ಆ ಗುಂಡಿ ತೋಡಿದ್ದು ನಾನಲ್ವಾ ಅತ್ತೆ?" ಅಂದಳು.

"ಹೌದು."

"ಗೊಬ್ಬರ ಹಾಕಿದೀನಿ ಅಂದ್ರಿ."

"ಅಂದೆ."

ಕ್ಷಮಿಸು ಅನ್ನುವುದು ನನ್ನ ಬಾಯಲ್ಲಿ ಯಾವತ್ತೂ ಬಂದ ಮಾತಲ್ಲ, ಅವತ್ತೂ ಬರಲಿಲ್ಲ. ಗುದ್ದಲಿ ತೆಗೆದುಕೊಂಡು, ಅದನ್ನಾದರೂ ಮುಚ್ಚುತ್ತೇನೆ ಎಂದು ಎದ್ದೆ.

"ಮುಚ್ಚಬೇಡಿ. ಹಂಗೇ ಇರ್ಲಿ" ಅಂದಳು.

ಈ ವರ್ಷ ಶಿವರಾತ್ರಿ ಕಳೆಯಿತು. ಕಾಡಿನ ದರಗು ಈ ಸಲ ಬೇಡ, ಅಂಗಳದ್ದೇ ಸಾಕು ಎಂದು ಸೊಸೆ ಮೊದಲೇ ಹೇಳಿದಳು. ಈಗ ಮಾತು ಕಡಿಮೆ. ನಾನು ದಿನಾ ಬೆಳಿಗ್ಗೆ ಕೈಕಾಲಿಗೆ ಎಣ್ಣೆ ಬಳಿದುಕೊಂಡು ಬೇಲಿಯ ಉದ್ದಕ್ಕೂ ನಡೆದು ಬರುತ್ತೇನೆ. ಎಣ್ಣೆ ನನಗೆ ಬೇಕಾಗಿಲ್ಲ, ಆದರೂ ಬಳಿದುಕೊಳ್ಳುತ್ತೇನೆ. ಬಂದ ಕೂಡಲೇ ಅವಳು ಕೇಳುತ್ತಾಳೆ, "ಎಂತ ಕಂಡ್ತು ಅತ್ತೆ?"

"ಎಂತದೂ ಇಲ್ಲ" ಅನ್ನುತ್ತೇನೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡುತ್ತಾಳೆ. ಆಮೇಲೆ ಎಣ್ಣೆ ಹಚ್ಚಿ, ಚಪ್ಪಲಿ ಮೆಟ್ಟಿಕೊಂಡು, ತಾನೇ ಒಮ್ಮೆ ಬೇಲಿಯವರೆಗೆ ಹೋಗಿ ನೋಡಿ ಬರುತ್ತಾಳೆ. ನಾನು ಬಂದ ದಾರಿಯಲ್ಲೇ. ದಿನಾ.

ಇವತ್ತು ಬೀಜ ಹಾಕುವುದಿತ್ತು. ಏರಿ ಸಿದ್ಧವಿತ್ತು, ಬೆಂಡೆ ಬೀಜ ನೆನೆಸಿ ತಟ್ಟೆಗೆ ಹಾಕಿಟ್ಟಿದ್ದೆ. ಮೂರು ದಿನದಿಂದ ಹಲಸಿನ ಮರದಲ್ಲಿ ಸದ್ದಿಲ್ಲ. ಬೆಳಿಗ್ಗೆ ಹೋದಾಗ ಬೇಲಿಯ ಗೂಟದ ಮೇಲೆ ಒಂದು ಮಂಗ ಕೂತಿತ್ತು. ತಲೆ ಎದೆಗೆ ಬಿದ್ದಿತ್ತು. ದೂರದಿಂದಲೇ ಕಲ್ಲು ಬೀಸಿದೆ, ಗೂಟಕ್ಕೆ ತಾಗಿತು. ಅದು ತಲೆ ಎತ್ತಲಿಲ್ಲ.

ಒಳಗೆ ಬಂದೆ. ಅವಳು ಕೇಳುವ ಮೊದಲೇ ಹೇಳಿದೆ. "ಬೇಲಿ ಮೇಲೆ ಒಂದು ಕೂತಿದೆ. ಕಲ್ಲು ಹೊಡೆದ್ರೂ ಏಳ್ಲಿಲ್ಲ."

ಈ ಸಲ ಅವಳು ನೋಡಲು ಹೋಗಲಿಲ್ಲ. ಫೋನ್ ತೆಗೆದು ಆಶಾ ಕಾರ್ಯಕರ್ತೆಗೆ ಹೇಳಿದಳು. ಹಿಂಬಾಗಿಲ ಚಿಲಕ ಹಾಕಿದಳು. ಆಮೇಲೆ ನನ್ನ ಮುಂದಿದ್ದ ಬೀಜದ ತಟ್ಟೆ ಎತ್ತಿಕೊಂಡಳು. ಕೈ ನಡುಗಿ ನಾಲ್ಕು ಬೀಜ ಕೆಳಗೆ ಬಿದ್ದವು. ಅವನ್ನೂ ಹೆಕ್ಕಿ ತಟ್ಟೆಗೆ ಹಾಕಿ, ಒಯ್ದು ಒಲೆಯ ಬೂದಿಗೆ ಸುರಿದಳು.

"ಈ ವರ್ಷ ಬೇಡ" ಅಂದಳು.

ಜೀಪಿನ ಸದ್ದು ಇನ್ನೂ ಬಂದಿಲ್ಲ. ನಾಯಿ ಹಿಂಬಾಗಿಲ ಕಡೆ ಮುಖ ಮಾಡಿ ಗುರುಗುಟ್ಟುತ್ತಿದೆ.